ಹುಯ್ಯಲಿಗೆ ಓಡಿದವರು

ಕೊಲೆಯಾದರೆ ಪೋಲೀಸರು ಈಗಲೇ ಬರುತ್ತಾರೆ, ಕಳವಾದರೆ ನಾಳೆ ಬರುತ್ತಾರೆ ಎಂದು ಜನ ಗೊಣಗುವುದುಂಟು. ಯಾವ ಅಪರಾಧಕ್ಕೆ ಎಷ್ಟು ಬೇಗ ಓಡಬೇಕೆಂಬ ಲೆಕ್ಕ ಇಂದು ನಿನ್ನೆಯದಲ್ಲ. ನಮ್ಮ ಪೂರ್ವಿಕರ ಲೆಕ್ಕ ಕಲ್ಲಿನಲ್ಲೇ ಉಳಿದಿದೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ಸೀಮೆ ಹೊಯ್ಸಳರ ನಾಡು. 1171ರ ಕಿಕ್ಕೇರಿ ಬ್ರಹ್ಮೇಶ್ವರ, ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯಗಳನ್ನು ಕಂಡು ಮೆಚ್ಚುವವರು ಬಹಳ. ಶಾಸನಗಳನ್ನು ಪಾಠ ಹೇಳುವ ನನಗಾದರೋ ಇಂಥ ಸೀಮೆಗಳ ವೀರಗಲ್ಲುಗಳ ಮೇಲೆಯೇ ಮಮತೆ. ಕನ್ನಡ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳು ಮೂರು: ತುರುಗೊಳ್, ಪೆಣ್ಬುಯ್ಯಲ್, ಊರಳಿವು. ದನಗಳನ್ನು ಹೊಡೆದುಕೊಂಡು ಹೋಗುವುದು ಮೊದಲನೆಯದು; ಅಪಾಯಕ್ಕೆ ಸಿಕ್ಕ ಹೆಂಗಸರ ಮೊರೆ ಎರಡನೆಯದು; ಊರಿನ ನಾಶ ಮೂರನೆಯದು. ಹುಯ್ಯಲು ಕಿವಿಗೆ ಬಿದ್ದೊಡನೆ ಓಡಿದವನು ಬಹುಮಟ್ಟಿಗೆ ಊರವನೇ. ದನ ಹೋದರೆ ಉಳುಮೆ ಹೋಯಿತು, ಹಾಲು ಹೋಯಿತು, ಬಾಳೇ ಹೋಯಿತು ಎಂಬುದು ಅವನಿಗೆ ತಿಳಿದಿತ್ತು. ಮಡಿದವನ ಮನೆಯವರಿಗೆ ‘ನೆತ್ತರುಗೊಡಗೆ’ ಎಂದು ಭೂಮಿ ಬಿಡುತ್ತಿದ್ದರು.

ಆದರೆ ಸುಳ್ಳು ಪತ್ರದಿಂದ ಬಡವನ ಹೊಲ ನುಂಗಿದವನನ್ನು ತಡೆಯಹೋಗಿ ಮಡಿದವನ ವೀರಗಲ್ಲನ್ನು ನಾನು ಕಂಡಿಲ್ಲ. ಕೂಗಿಲ್ಲದ ಅಪರಾಧಕ್ಕೆ ಓಟವೂ ಇರಲಿಲ್ಲ, ಕಲ್ಲೂ ಇರಲಿಲ್ಲ.

ಮುಂದೆ ಹಳ್ಳಿಯ ಕಾವಲು ತಳವಾರ, ತೋಟಿಗಳ ವಂಶದ ಕೆಲಸವಾಯಿತು; 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಆ ವಂಶಪಾರಂಪರ್ಯವನ್ನು ಮುಗಿಸಿತು. ಇತ್ತ 1898ರ ಕ್ರಿಮಿನಲ್ ಪ್ರೊಸೀಜರ್ ಕೋಡು ಅಪರಾಧಗಳನ್ನು ಎರಡಾಗಿ ವಿಂಗಡಿಸಿತ್ತು: ಪೋಲೀಸರು ತಾವಾಗಿಯೇ ತನಿಖೆಗೆ ತೊಡಗಬಹುದಾದವು, ಮ್ಯಾಜಿಸ್ಟ್ರೇಟರ ಅಪ್ಪಣೆಗೆ ಕಾಯಬೇಕಾದವು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಈ ವಿಂಗಡಣೆ ನಿಂತಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಮೇಲಧಿಕಾರಿಯ ಅನುಮತಿ ಪಡೆದು, 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸುವುದಕ್ಕೂ ಅದರಲ್ಲಿ ಅವಕಾಶವಿದೆ.

ಎಲ್ಲ ದೂರಿಗೂ ಒಂದೇ ವೇಗದಲ್ಲಿ ಓಡುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಪ್ರಾಣ ಮೊದಲು ಎಂಬುದರಲ್ಲಿ ಎರಡು ಮಾತಿಲ್ಲ. ಬೆಂಗಳೂರಿನ ಪೋಲೀಸ್ ಗಸ್ತು ವಾಹನಗಳಿಗೆ ‘ಹೊಯ್ಸಳ’ ಎಂದು ಹೆಸರಿಟ್ಟಿರುವುದು ಉಚಿತವೇ. 112 ಎಂಬ ಸಂಖ್ಯೆ ನಮ್ಮ ಕಾಲದ ಹುಯ್ಯಲು. ಆದರೆ ತುರು ಕಳೆದುಕೊಂಡವನು ಕೂಗಬಲ್ಲ. ಕಾಗದದಲ್ಲಿ ಹೊಲ ಕಳೆದುಕೊಂಡವನಿಗೆ ಕಳವಾದದ್ದು ತಿಳಿಯುವ ಹೊತ್ತಿಗೆ ವರ್ಷಗಳೇ ಉರುಳಿರುತ್ತವೆ. ಅವನು ಠಾಣೆಯ ಮೆಟ್ಟಿಲು ಹತ್ತಿದಾಗ ‘ನಾಳೆ ಬಾ’ ಎನ್ನದಿರುವ ರಾಜ್ಯ, ವೀರಗಲ್ಲು ನಿಲ್ಲಿಸಿದವರಿಗಿಂತ ಒಂದು ಹೆಜ್ಜೆ ಮುಂದೆ ಹೋದಂತೆ.