ಗದ್ದಲದಾಗ ಕೆಡದ ಮಾತು

ದೂರದವರಿಗೆ ಸುದ್ದಿ ಮುಟ್ಟಿಸುವ ಕಷ್ಟ ತಂತಿ ಬಂದ ಮ್ಯಾಲೂ ತಪ್ಪಲಿಲ್ಲ. 1858ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷರಿಗೆ ಸಮುದ್ರದ ತಳದಾಗ ಹಾಸಿದ ತಂತಿಯಿಂದ 98 ಶಬ್ದದ ಸಂದೇಶ ಕಳಿಸಿದರು. ಅಷ್ಟು ಮುಟ್ಟಲಿಕ್ಕೆ 16 ತಾಸು ಹಿಡೀತು. ಜೋರು ಹೆಚ್ಚಿಸಿದರ ಸುದ್ದಿ ನೆಟ್ಟಗ ಹೋದೀತು ಅಂತ ಆ ತಂತಿಗೆ ಭಾಳ ವಿದ್ಯುತ್ ಹರಿಸಿದರು. ಕೆಲವೇ ವಾರದಾಗ ತಂತಿ ಸತ್ತೇ ಹೋಯ್ತು.

ಗದ್ದಲಿದ್ದಲ್ಲಿ ಬರೀ ಒದರಿದರ ಆಗೂದಿಲ್ಲ ಅನ್ನೂದು ನಮ್ಮಂಥ ಗೀಗೀ ಪದದವರಿಗೆ ಗೊತ್ತು. ಜಾತ್ರಿಯೊಳಗ ಮುಂದಿನವ ಹೇಳಿದ ನುಡಿಯನ್ನ ಹಿಮ್ಮೇಳದವರು ತಿರುಗಿ ಹೇಳ್ತಾರ. ಪ್ರಾಸ ಇನ್ನೂ ಗಟ್ಟಿ ಕಾವಲು. ಒಂದು ಸಾಲು ‘ಎರಿ’ ಅಂತ ಸುರುವಾಗಿ, ಮುಂದಿನ ಸಾಲಿಗೆ ಹುಡುಗ ‘ಕಪ್ಪ’ ಅಂದರ, ಅಲ್ಲಿ ‘ಕರಿ’ ಇರಬೇಕು ಅಂತ ಆ ಪದ ಎಂದೂ ಕೇಳದವನಿಗೂ ತಿಳೀತದ. ನಮ್ಮ ಕಡೆ ಮಕ್ಕಳು ಮರಾಠಿ ಸಾಲಿಗೆ ಹೊಂಟಾರ, ಎಷ್ಟೋ ಶಬ್ದದ ಅರ್ಥ ಅವಕ್ಕ ಹತ್ತೂದಿಲ್ಲ. ಅರ್ಥ ಕೈಬಿಟ್ಟಲ್ಲಿ ಪ್ರಾಸ ಕೈ ಹಿಡೀತದ. ಮೊಬೈಲಿಗಾಗಿ ಹಿಮ್ಮೇಳ ಕತ್ತರಿಸಿ ಪದ ಮೊಟಕು ಮಾಡುವವರು ಕತ್ತರಿಸೂದು ಕಾವಲನ್ನ.

ಇದನ್ನೇ ಲೆಕ್ಕಕ್ಕ ತಂದವರು ಅಮೆರಿಕದ ಕ್ಲಾಡ್ ಶ್ಯಾನನ್. 1916ರಲ್ಲಿ ಹುಟ್ಟಿದವರು. ಹುಡುಗ ಇದ್ದಾಗ ಹೊಲದ ಮುಳ್ಳುತಂತಿ ಬೇಲಿಯಿಂದಲೇ ಅರ್ಧ ಮೈಲು ದೂರದ ಗೆಳೆಯನ ಮನಿಗೆ ಸುದ್ದಿ ಕಳಿಸುತ್ತಿದ್ದರಂತ. ದ್ರಾಕ್ಷಿ ತೋಟಕ್ಕ ನಾವೂ ಎಷ್ಟೋ ತಂತಿ ಎಳದೀವಿ, ಈ ಬುದ್ಧಿ ಬರಲಿಲ್ಲ! ತಪ್ಪು ಕಡಿಮಿ ಆಗಬೇಕಾದರ ಸಾವಕಾಶ ಹೇಳಬೇಕು, ಹೇಳಿದ್ದನ್ನೇ ಹೇಳಬೇಕು ಅಂತ ಅಲ್ಲೀತನಕ ಎಲ್ಲರ ತಿಳುವಳಿಕೆ. 1948ರಲ್ಲಿ ಶ್ಯಾನನ್ ಬೇರೇನೇ ಸಾಧಿಸಿ ತೋರಿಸಿದರು. ಎಂಥ ಗದ್ದಲದ ದಾರಿಗೂ ಒಂದು ಮಿತಿ ಅದ, ಅದರೊಳಗಿನ ವೇಗದಾಗ ಮಾತನ್ನ ಜಾಣತನದಿಂದ ಕಟ್ಟಿ ಕಳಿಸಿದರ ತಪ್ಪನ್ನ ಬೇಕಾದಷ್ಟು ಕಡಿಮಿ ಮಾಡಬಹುದು. ಆದರ ಆ ಕಟ್ಟು ಹೆಂಗ ಕಟ್ಟಬೇಕು ಅಂತ ಅವರು ಬಿಡಿಸಿ ಹೇಳಲಿಲ್ಲ.

ಅದೇ ಬೆಲ್ ಪ್ರಯೋಗಶಾಲೆಯಲ್ಲಿ ರಿಚರ್ಡ್ ಹ್ಯಾಮಿಂಗ್ ಅನ್ನವರು ಇದ್ದರು. ಶನಿವಾರ-ಐತವಾರ ಅವರ ಲೆಕ್ಕ ಯಂತ್ರದಾಗ ತಾನೇ ನಡೀಬೇಕು, ನೋಡಲಿಕ್ಕೆ ಆಳು ಇರತಿದ್ದಿಲ್ಲ. ತಪ್ಪು ಕಂಡರ ಯಂತ್ರ ಆ ಲೆಕ್ಕ ಬಿಟ್ಟು ಮುಂದಿನದಕ್ಕ ಹೋಗತಿತ್ತು. ಎರಡು ವಾರ ಹಿಂಗಾದಾಗ ಅವರಿಗೆ ಸಿಟ್ಟು ಬಂತು. ತಪ್ಪಾಗೇದ ಅಂತ ತಿಳಿಯುವ ಯಂತ್ರಕ್ಕ ಎಲ್ಲಿ ತಪ್ಪೇದ ಅಂತ ಯಾಕ ತಿಳೀಬಾರದು?

ಅವರ ಉಪಾಯ ಮಾಸ್ತರರ ಕೂಡ ಕುಂತು ಪಾಟಿ ಮ್ಯಾಲೆ ಬಿಡಿಸಿ ತಿಳಕೊಂಡೆ. ಕಳಿಸಬೇಕಾದ ಅಂಕಿ ನಾಕು, ಅ ಬ ಕ ಡ ಅನ್ರಿ. ಎಲ್ಲಾ ಬರೀ 1 ಇಲ್ಲಾ 0. ಅವಕ್ಕ ಮೂರು ಕಾವಲು ಅಂಕಿ. ಮೊದಲನೇದು ಅ-ಬ-ಡ ಕಾಯ್ತದ, ಎರಡನೇದು ಅ-ಕ-ಡ, ಮೂರನೇದು ಬ-ಕ-ಡ. ತನ್ನನ್ನೂ ಹಿಡಿದು ಗುಂಪಿನಾಗ 1ರ ಎಣಿಕೆ ಸಮ ಆಗುವಂಗ ಕಾವಲು ತಾನು 1 ಇಲ್ಲಾ 0 ಆಗಿ ನಿಲ್ಲತದ. ಸುದ್ದಿ 1 0 1 1 ಇದ್ದರ ಕಾವಲು 0 1 0. ಈಗ ದಾರಿಯೊಳಗ ಕ ಕೆಟ್ಟು 0 ಆಯ್ತು ಅನ್ರಿ. ಎಣಿಸಿದರ ಮೊದಲ ಗುಂಪು ಸಮ, ಉಳಿದೆರಡೂ ಬೆಸ. ಆ ಎರಡರಾಗ ಇದ್ದು ಮೊದಲನೇದರಾಗ ಇಲ್ಲದ ಅಂಕಿ ಕ ಒಂದೇ. ಅದನ್ನ ತಿರುವಿದರ ಮುಗೀತು. ಒಂದೇ ಗುಂಪು ಬೆಸ ಆದರ ಕೆಟ್ಟದ್ದು ಕಾವಲು ಅಂಕಿನೇ. ಮೂರು ಸಲ ಹೇಳಿದ್ದರ 12 ಅಂಕಿ ಬೇಕಾಗತಿದ್ದವು, ಇಲ್ಲಿ 7. ಎರಡು ಅಂಕಿ ಒಮ್ಮೆಗೇ ಕೆಟ್ಟರ ಮಾತ್ರ ಈ ಲೆಕ್ಕ ಮೋಸ ಹೋಗತದ. ಇದು 1950ರಲ್ಲಿ ಅಚ್ಚಾಯ್ತು.

ಅದಕ್ಕೂ ಗಟ್ಟಿ ಕಟ್ಟನ್ನ 1960ರಲ್ಲಿ ರೀಡ್ ಮತ್ತು ಸಾಲೋಮನ್ ಅನ್ನವರು ಕೊಟ್ಟರು. ಚಹಾದ ಅಂಗಡಿಯೊಳಗ ರೊಕ್ಕ ಕೊಡಲಿಕ್ಕೆ ಅಂಟಿಸಿರುವ ಕರಿ-ಬಿಳಿ ಚೌಕದೊಳಗ ಇರೂದು ಅದೇ. ಚಹಾದ ಕಲೆ ಬಿದ್ದರೂ, ನಡುವ ಸ್ವಲ್ಪ ಕೆತ್ತಿ ಹೋದರೂ ಮೊಬೈಲು ಓದತದ. ಮೂರು ಮೂಲಿಯ ದೊಡ್ಡ ಚೌಕ ಮಾತ್ರ ಹರೀಬಾರದು. ಅವು ಇರೂದು ಚಿತ್ರ ಎಲ್ಲದ, ಯಾವ ಕಡೆ ತಿರುಗೇದ ಅಂತ ಮೊಬೈಲಿಗೆ ತೋರಿಸಲಿಕ್ಕೆ.