ಮಾತನಾಡದ ಗುರು

ವೈದ್ಯವಿದ್ಯೆಯನ್ನು ಅಭ್ಯಾಸಮಾಡಹೊರಟ ತರುಣನಿಗೆ ಪ್ರಥಮವರ್ಷದಲ್ಲಿ ದೊರೆಯುವ ಮೊದಲ ಗುರುವು ಮಾತನಾಡನು. ಶವಚ್ಛೇದನಶಾಲೆಯನ್ನು ಹೊಕ್ಕೊಡನೆ ಫಾರ್ಮಲಿನ್ನಿನ ಕಟುಗಂಧವು ಕಣ್ಣನ್ನು ಉರಿಸುವುದು. ಅನಂತರವೇ ಮೇಜಿನ ಮೇಲೆ ಮಲಗಿರುವ ಮನುಷ್ಯನು ಕಾಣುವನು. ಹೆಣವನ್ನು ಮುಟ್ಟಿದರೆ ಮೈಲಿಗೆಯೆಂದು ಕೇಳುತ್ತ ಬೆಳೆದವನಿಗೆ ಇದು ಸಣ್ಣ ಪರೀಕ್ಷೆಯಲ್ಲ. ಆದರೆ ಈ ಸಂಕೋಚದ ಹೊರೆಯನ್ನು ನಮ್ಮ ಪ್ರಾಚೀನ ವೈದ್ಯಶಾಸ್ತ್ರದ ಮೇಲೆ ಹೊರಿಸುವುದು ನ್ಯಾಯವಾಗದು.

ಶಲ್ಯವಿದ್ಯೆಯನ್ನು ನಿಸ್ಸಂಶಯವಾಗಿ ತಿಳಿಯಬಯಸುವವನು ಮೃತದೇಹವನ್ನು ಶೋಧಿಸಿ ಕಣ್ಣಾರೆ ನೋಡತಕ್ಕದ್ದೆಂದು ಸುಶ್ರುತಸಂಹಿತೆಯ ಶಾರೀರಸ್ಥಾನವು ವಿಧಿಸಿರುವುದು. ಸರ್ವಾಂಗವೂ ಸಮಗ್ರವಾಗಿರುವ ದೇಹವನ್ನು ಆರಿಸಿ, ದರ್ಭೆ, ಸೆಣಬು ಮೊದಲಾದುವುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಹೊಳೆಯ ಮರೆಯಾದ ಸ್ಥಳದಲ್ಲಿ ಏಳು ರಾತ್ರಿ ನೆನೆಯಿಡಬೇಕು. ಬಳಿಕ ಲಾವಂಚ, ಬಿದಿರು ಮುಂತಾದುವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ಮೊದಲ್ಗೊಂಡು ಒಳಗಿನ ಅಂಗಗಳನ್ನು ಒಂದೊಂದಾಗಿ ಕಾಣಬೇಕು. ಸುಶ್ರುತನು ಎಲುಬುಗಳನ್ನು 300 ಎಂದೆಣಿಸಿದನು; ವಯಸ್ಕನಲ್ಲಿ 206 ಎಂಬುದು ಈಗಿನ ಗಣನೆ. ಹಲ್ಲುಗಳನ್ನೂ ಮೃದ್ವಸ್ಥಿಗಳನ್ನೂ ಅವನು ಸೇರಿಸಿಕೊಂಡುದು ಈ ಭೇದಕ್ಕೆ ಒಂದು ಕಾರಣ.

ಕಾಲಕ್ರಮದಲ್ಲಿ ಕುಂಚವು ಮರೆತುಹೋಗಿ ಶ್ಲೋಕವು ಮಾತ್ರ ಉಳಿಯಿತು. 1836ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು ಶವಚ್ಛೇದನ ಮಾಡಿದಾಗ ಹರಿದ ಎಳೆಯು ಮತ್ತೆ ಕೂಡಿತು. ಅವರು ಅದಕ್ಕೆ ಮೊದಲು ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದವನ್ನು ಬೋಧಿಸಿದ್ದವರೆಂಬುದನ್ನು ಮರೆಯಲಾಗದು.

ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. ಭದ್ರಾವತಿಯಲ್ಲಿ 1923ರಲ್ಲಿಯೇ ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ತೊಡಗಿದ್ದಿತು. ಅದಿರನ್ನು ಕರಗಿಸುವ ವಿದ್ಯೆಯು ಬಾಗಿಲಿಗೇ ಬಂದಿದ್ದರೂ, ದೇಹವನ್ನು ಅರಿಯುವ ಈ ವಿದ್ಯೆಗಾಗಿ ಅಲ್ಲಿಯ ಮಕ್ಕಳು ದೂರದ ಊರಿಗೆ ಹೋಗಬೇಕಾಗಿದ್ದಿತು. 1965ರಲ್ಲಿ ದಾವಣಗೆರೆಯಲ್ಲಿ ಜೆ.ಜೆ.ಎಂ. ಕಾಲೇಜು ಹುಟ್ಟಿ ದಾರಿಯು ಕಿರಿದಾಯಿತು. ಕಡೆಗೆ 2007ರಲ್ಲಿ ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಯನ್ನಾಶ್ರಯಿಸಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಪ್ರಥಮ ತಂಡದ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಭದ್ರಾತೀರದಿಂದ ತುಂಗಾತೀರಕ್ಕೆ ಸುಮಾರು 20 ಕಿಲೋಮೀಟರು ಬಂದರೆ ಸಾಕೆಂಬಂತಾಯಿತು.

ದಾರಿಯು ಕಿರಿದಾಯಿತೇ ಹೊರತು ವಿದ್ಯೆಯು ಕಿರಿದಾಗಲಿಲ್ಲ. ಕೈ, ಕಾಲು, ಎದೆ, ಉದರ, ಶಿರಸ್ಸು, ಮಿದುಳು—ಇಷ್ಟನ್ನೂ ಕಲಿಯಲು ಹಿಂದೆ 18 ತಿಂಗಳ ಅವಧಿಯಿದ್ದಿತು; 1997ರ ನಿಯಮಗಳು ಅದನ್ನು 12 ತಿಂಗಳಿಗೆ ಇಳಿಸಿದುವು. ಗ್ರಂಥದ ಚಿತ್ರದಲ್ಲಿ ಅಪಧಮನಿಯು ಕೆಂಪು, ಅಭಿಧಮನಿಯು ನೀಲಿ, ನರವು ಹಳದಿ. ಶವದಲ್ಲಿಯಾದರೋ ಎಲ್ಲವೂ ಹೆಚ್ಚುಕಡಮೆ ಒಂದೇ ಬಣ್ಣ. ಒಬ್ಬನಲ್ಲಿ ಕಂಡ ಕವಲು ಮತ್ತೊಬ್ಬನಲ್ಲಿ ಅದೇ ಸ್ಥಳದಲ್ಲಿರದು. ಗ್ರಂಥವನ್ನು ಕಂಠಪಾಠಮಾಡಿದವನು ಇಲ್ಲಿ ತಡವರಿಸುವನು. ಬೆರಳಿನಿಂದ ಬಿಡಿಸಿ ನೋಡಿದವನೇ ಅರಿಯುವನು. ಸುಶ್ರುತನ ಕುಂಚದ ತಾತ್ಪರ್ಯವೂ ಇದೇ.

ಆದರೆ ಮೇಜಿನ ಮೇಲಿರುವವನು ಯಾರು? 1957ರ ಅಂಗರಚನಾಶಾಸ್ತ್ರ ಅಧಿನಿಯಮವು ವಾರಸುದಾರರಿಲ್ಲದ ಶವಗಳನ್ನು ವಿದ್ಯಾಸಂಸ್ಥೆಗಳಿಗೆ ಒಪ್ಪಿಸಲು ಮಾರ್ಗಮಾಡಿತು. ಬದುಕಿದ್ದಾಗ ಯಾರಿಗೂ ಬೇಡವಾದವನು ಸತ್ತಮೇಲೆ ಹಲವರಿಗೆ ಗುರುವಾದನು; ಅವನ ಸಮ್ಮತಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಉಯಿಲು ಬರೆದು ದೇಹವನ್ನು ದಾನಮಾಡುವವರು ಈ ಕೊರತೆಯನ್ನು ತುಂಬುತ್ತಿರುವರು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು, ದಾನವಾಗಿ ಬಂದಿದ್ದ ಸ್ವಂತ ತಂದೆಯ ದೇಹವನ್ನೇ, ತಂದೆಯ ಇಚ್ಛೆಯಂತೆ, ವಿದ್ಯಾರ್ಥಿಗಳೆದುರಿನಲ್ಲಿ ಛೇದಿಸಿ ಪಾಠ ಹೇಳಿದರು. ತಂದೆಯ ಋಣವನ್ನು ಹೀಗೂ ತೀರಿಸಬಹುದೆಂದು ನಾಡು ಅಂದು ಕಂಡಿತು.

ಪ್ರಥಮವರ್ಷದ ವಿದ್ಯಾರ್ಥಿಯು ಎಲುಬುಗಳ ಹೆಸರನ್ನು ಮುಂದೆ ಮರೆತರೂ ಮರೆಯಬಹುದು. ಹೆಸರು ತಿಳಿಯದ ಒಬ್ಬನ ದೇಹದಿಂದ ತನಗೆ ಈ ವಿದ್ಯೆ ಬಂದಿತೆಂಬುದನ್ನು ಮರೆಯದಿದ್ದರೆ, ಹೆಸರು ಹೇಳಲೂ ಶಕ್ತಿಯಿಲ್ಲದ ರೋಗಿಯು ಎದುರಿಗೆ ಬಂದಾಗ ಆತನ ಕೈ ಮೃದುವಾಗಿರುವುದು. ಗುರುದಕ್ಷಿಣೆಯೆಂದರೆ ಅದೇ.