ಮೂಢಗರ್ಭಚಿಕಿತ್ಸೆಯೂ ಕರಾಭ್ಯಾಸವೂ

ಶಾಸ್ತ್ರವನ್ನು ಸಂಪೂರ್ಣವಾಗಿ ಓದಿ ಮುಗಿಸಿದ ವೈದ್ಯನಿಗೂ ಕೈಗೆಲಸದ ಶಿಕ್ಷಣವು ಬೇರೆಯಾಗಿ ಆಗಲೇಬೇಕೆಂಬುದು ಸುಶ್ರುತಸಂಹಿತೆಯ ಮತ. ಸೂತ್ರಸ್ಥಾನದ ೯ನೆಯ ಅಧ್ಯಾಯವು ಇದಕ್ಕೇ ಮೀಸಲು. ಅಲ್ಲಿ ಈ ಅಭ್ಯಾಸಕ್ಕೆ 'ಯೋಗ್ಯಾ' ಎಂದು ಹೆಸರು. ಛೇದನವನ್ನು ಕುಂಬಳ ಸೋರೆಗಳಲ್ಲಿಯೂ, ಭೇದನವನ್ನು ನೀರು ಕೆಸರು ತುಂಬಿದ ತೊಗಲಿನ ಚೀಲಗಳಲ್ಲಿಯೂ, ಆಹರಣವನ್ನು ಹಲಸು ಬಿಲ್ವಗಳ ತಿರುಳಿನಲ್ಲಿಯೂ ಶಿಷ್ಯನು ಕಲಿಯತಕ್ಕದ್ದು.

ಈ ಶಿಕ್ಷಣದ ಒರೆಗಲ್ಲು ಚಿಕಿತ್ಸಾಸ್ಥಾನದ ೧೫ನೆಯ ಅಧ್ಯಾಯದಲ್ಲಿದೆ. ಪ್ರಸವಮಾರ್ಗದಲ್ಲಿ ತಡೆದು ನಿಂತ ಶಿಶುವೇ ಮೂಢಗರ್ಭ. ಅದನ್ನು ಹೊರತೆಗೆಯುವುದಕ್ಕಿಂತ ಕಷ್ಟತರವಾದ ಕರ್ಮವಿಲ್ಲವೆಂದು ಗ್ರಂಥಕಾರನೇ ಒಪ್ಪುತ್ತಾನೆ. ಅಲ್ಲಿ ಕಣ್ಣಿಗೆ ಪ್ರವೇಶವಿಲ್ಲ, ಸ್ಪರ್ಶವೊಂದೇ ಪ್ರಮಾಣ. ವೈದ್ಯನು ಪ್ರಭುವಿನ ಅನುಮತಿಯನ್ನು ಪಡೆದೇ ತೊಡಗಬೇಕು. ಶಿಶುವು ಜೀವಂತವಾಗಿದ್ದರೆ ಅದರ ಮೇಲೆ ಶಸ್ತ್ರವನ್ನು ಪ್ರಯೋಗಿಸಲೇ ಕೂಡದು. ಪ್ರಯೋಗಿಸಿದರೆ ತಾಯಿಯೂ ಉಳಿಯಳು.

ಇಷ್ಟು ಎಚ್ಚರಿಕೆ ಹೇಳಿದ ಗ್ರಂಥವು ಈ ಕರ್ಮಕ್ಕೆ ತಕ್ಕ ಗರ್ಭಾಶಯದ ಪ್ರತಿಕೃತಿಯನ್ನು ಯೋಗ್ಯಾಧ್ಯಾಯದಲ್ಲಿ ಹೇಳದಿರುವುದು ವಿಚಾರಾರ್ಹ. ಗಾಯದ ಕಟ್ಟು ಕಟ್ಟಲು ಮನುಷ್ಯಾಕಾರದ ಬೊಂಬೆಯುಂಟು, ಪ್ರಸವಕ್ಕಿಲ್ಲ. ಎರಡು ಜೀವಗಳ ಅಳಿವು ಉಳಿವಿರುವಲ್ಲಿ ಈ ಮೌನವು ಸಣ್ಣ ಕೊರತೆಯಲ್ಲ. ಅಂತಹ ಬೊಂಬೆಗಳಿಂದ ಪ್ರಸವಕರ್ಮವನ್ನು ಬೋಧಿಸಿದವರಲ್ಲಿ ೧೭೪೦ರ ದಶಕದ ಲಂಡನಿನ ವಿಲಿಯಂ ಸ್ಮೆಲ್ಲಿಯು ಪ್ರಸಿದ್ಧನು. ನಿಜವಾದ ಎಲುಬಿಗೆ ಹೊದಿಸಿದ್ದುದು ಅಲ್ಲಿಯೂ ತೊಗಲೇ.